ಸುಡುವ ಮೊದಲು

1956ರವರೆಗೆ ಧಾರವಾಡ ಜಿಲ್ಲೆ ಮುಂಬಯಿಗೆ ಸೇರಿತ್ತು. ಹಾಗಾಗಿ ನವಲಗುಂದ, ಕುಂದಗೋಳ ಕಡೆಯ ಹಳೆಯ ಮನೆಗಳ ಕಾಗದದ ಗಂಟಿನಲ್ಲಿ ಮೋಡಿ ಬರಹ ಸಿಗುವುದುಂಟು. ಓದಲು ಬಾರದೆಂದು ಅದನ್ನು ಒಲೆಗೆ ಹಾಕುವವರಿದ್ದಾರೆ. ಇದೇ ನೆಲದಲ್ಲಿ ಕಾಗದವಿಲ್ಲದೆ ಸೋತವರೂ ಇದ್ದರು. 1852ರ ಕಾಯ್ದೆಯಿಂದ ಬಲ ಪಡೆದ ಇನಾಂ ಕಮಿಷನ್ ಹಳೆಯ ಸನದುಗಳನ್ನು ಕೇಳಿತು. ತೋರಿಸಲಾಗದ ಅನೇಕರ ಇನಾಂ ರದ್ದಾಯಿತು.

ಹರಿದ ಕುರ್‌ಆನ್ ಹಾಳೆಗಳನ್ನು ಹಿರಿಯರು ಕಾಲಿಗೆ ಸಿಗದಂತೆ ಮಣ್ಣಿನಲ್ಲಿ ಹೂಳುತ್ತಿದ್ದರು. ಆ ಎಚ್ಚರ ಉಳಿದ ಕಾಗದಕ್ಕೂ ಬೇಕು. ಆಧಾರ್ ಪ್ರತಿ, ಹಳೆಯ ಪಾಸ್‌ಬುಕ್ ರದ್ದಿಗೆ ಹೋದರೆ ಮಿರ್ಚಿಯ ಪೊಟ್ಟಣವಾಗಿ ನಮ್ಮ ಗುಟ್ಟು ಊರೆಲ್ಲ ತಿರುಗೀತು. ಬೇಡವಾದವನ್ನು ಚೂರು ಮಾಡಿ, ನೀರಲ್ಲಿ ನೆನೆಸಿ, ಮುದ್ದೆ ಮಾಡಿ ಹೂಳಿರಿ. ಓದಲಾಗದ ಹಾಳೆಯನ್ನು ಮಾತ್ರ ಬಲ್ಲವರಿಗೆ ತೋರಿಸದೆ ಸುಡಬೇಡಿ. ಅದರಲ್ಲಿ ಯಾರದೋ ಹೊಲವಿರಬಹುದು.