ಕಪಿಲಾ ತೀರದ ಸೀಮೆ ಮತ್ತು ಅದರ ವರ್ಣನಕಾರರು

ಒಂದು ಸೀಮೆಯ ನೆಲ, ಜನ, ಜೀವನೋಪಾಯ ಈ ಮೂರನ್ನೂ ಜೊತೆಯಲ್ಲಿಟ್ಟು ನೋಡುವ ವಿದ್ಯೆ ನಮ್ಮಲ್ಲಿ ಹೇಗೆ ಬೆಳೆದು ಬಂದಿತೆಂಬುದನ್ನು ತಿಳಿಯಬಯಸುವವರಿಗೆ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ತಾಲ್ಲೂಕುಗಳು ಬಹು ಉಪಯುಕ್ತವಾದ ಕ್ಷೇತ್ರ. ಕಳೆದ ಎರಡು ಶತಮಾನಗಳಲ್ಲಿ ಪ್ರವಾಸಿಯಾದ ವೈದ್ಯನೊಬ್ಬ, ಶಾಸನತಜ್ಞನೊಬ್ಬ, ಖಾದಿಯ ವ್ರತಸ್ಥನೊಬ್ಬ, ಸಮಾಜಶಾಸ್ತ್ರಜ್ಞನೊಬ್ಬ, ಕಡೆಗೆ ಕಾದಂಬರಿಕಾರನೊಬ್ಬ ಈ ಸೀಮೆಯನ್ನು ಕಂಡು ಬರೆದಿದ್ದಾರೆ ಅಥವಾ ಅದರಲ್ಲಿ ದುಡಿದಿದ್ದಾರೆ. ನೆಲದಿಂದ ಆರಂಭವಾದ ಈ ವರ್ಣನೆ ದುಡಿಯುವವರ ಮುಖದ ಕಡೆಗೆ ತಿರುಗುವುದಕ್ಕೆ ಬಹಳ ಕಾಲ ಹಿಡಿಯಿತೆಂಬುದೇ ಈ ಚರಿತ್ರೆಯ ಮುಖ್ಯ ಸಂಗತಿಯೆಂದು ನನ್ನ ಅಭಿಪ್ರಾಯ.

ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವ ಕಪಿಲೆ ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಸನ್ನಿಧಿಯನ್ನು ಹಾಯ್ದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಈ ನದಿಗಳ ಎರಡು ದಡಗಳಲ್ಲಿ, ಹುಲ್ಲಹಳ್ಳಿ ಅಣೆಕಟ್ಟಿನಿಂದಲೂ ತಲಕಾಡಿನ ಬಳಿಯ ಮಾಧವಮಂತ್ರಿ ಕಟ್ಟೆಯಿಂದಲೂ ಹೊರಡುವ ಹಳೆಯ ನಾಲೆಗಳು ಮುಟ್ಟಿದಷ್ಟು ದೂರವೂ ಬತ್ತದ ಗದ್ದೆ, ಬಾಳೆಯ ತೋಟ. ನಾಲೆ ಮುಟ್ಟದ ದಕ್ಷಿಣದ ಏರುನೆಲದಲ್ಲಾದರೋ ಕೆಂಪು ಮಣ್ಣು, ಎರೆ ಮಣ್ಣು, ಮಳೆಯೊಂದನ್ನೇ ನಂಬಿದ ಬೆದ್ದಲು; ಅಲ್ಲಿನ ಫಸಲು ರಾಗಿ, ಜೋಳ, ಹುರುಳಿ, ಅವರೆ, ಹತ್ತಿ. ತಗಡೂರು, ಬದನವಾಳುಗಳು ಈ ಎರಡನೆಯ ಬಗೆಯ ಸೀಮೆಗೆ ಸೇರಿದವು. ನೀರು ಹರಿದ ಕಡೆ ಅಗ್ರಹಾರ, ದೇವಾಲಯ, ಪೇಟೆಗಳು ಬೆಳೆದುವು; ನೀರು ಹತ್ತದ ಕಡೆ ಜನರು ಮುಗಿಲನ್ನು ನೋಡುತ್ತಲೂ ಬಿಡುವಿನ ತಿಂಗಳುಗಳಲ್ಲಿ ಕೂಲಿಗಾಗಿ ಅಲೆಯುತ್ತಲೂ ಬಾಳಿದರು. ಇಲ್ಲಿನ ಆರ್ಥಿಕ ಜೀವನದ ಅರ್ಧ ಕಥೆ ಈ ಭೇದದಲ್ಲಿಯೇ ಅಡಗಿದೆ.

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ನನು ಮೈಸೂರು, ಕನ್ನಡ, ಮಲಬಾರು ಸೀಮೆಗಳನ್ನು ಸುತ್ತಿ, ತನ್ನ ದಿನಚರಿಯನ್ನು 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದನು. ವೃತ್ತಿಯಿಂದ ವೈದ್ಯನೂ ಪ್ರವೃತ್ತಿಯಿಂದ ಸಸ್ಯಶಾಸ್ತ್ರಜ್ಞನೂ ಆಗಿದ್ದ ಆತನು ಮಣ್ಣಿನ ಬಗೆ, ಬಿತ್ತನೆಯ ಕಾಲ, ಆಳಿನ ಕೂಲಿ, ಜಾತಿಗಳ ಕಸುಬು ಇವುಗಳನ್ನೆಲ್ಲ ಊರವರನ್ನೇ ಕೇಳಿ ಬರೆದುಕೊಂಡನು. ಗೆದ್ದ ರಾಜ್ಯದ ಹುಟ್ಟುವಳಿಯನ್ನು ಅಳೆಯುವುದು ಆತನಿಗೆ ಒಪ್ಪಿಸಿದ್ದ ಕಾರ್ಯವಾದರೂ, ಹೊಲದಲ್ಲಿ ನಿಂತು ಪ್ರಶ್ನೆ ಕೇಳುವ ಕ್ರಮವನ್ನು ಈ ನಾಡಿನಲ್ಲಿ ಅಷ್ಟು ವಿಸ್ತಾರವಾಗಿ ನಡೆಸಿದ ಕೀರ್ತಿ ಆತನಿಗೆ ಸಲ್ಲತಕ್ಕದ್ದು.

ಆತನ ತರುವಾಯ ಬಂದ ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರು 1876ರಿಂದ 1878ರವರೆಗೆ ಅಚ್ಚಾಯಿತು. 1894ರಲ್ಲಿ ಹೊರಬಂದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಈ ಎರಡು ತಾಲ್ಲೂಕುಗಳ ಶಾಸನಗಳೂ ಸಂಗ್ರಹವಾದುವು. ದಾನ ಕೊಟ್ಟ ಗದ್ದೆಯ ಎಲ್ಲೆಕಟ್ಟು, ದೇವರಿಗೆ ಬಿಟ್ಟ ತೆರಿಗೆ ಮುಂತಾದ ವಿವರಗಳು ದೊರೆತು, ಗಂಗರ ಕಾಲದಿಂದ ಈಚೆಗೆ ಈ ನೆಲದ ಒಡೆತನ ಹೇಗೆ ಕೈಬದಲಾಯಿಸಿತೆಂಬುದನ್ನು ಊಹಿಸುವುದಕ್ಕೆ ಆಧಾರ ಹುಟ್ಟಿತು. ಆದರೆ ಗೆಜೆಟಿಯರು ಅಚ್ಚಾಗುತ್ತಿದ್ದ ಆ ವರ್ಷಗಳಲ್ಲಿಯೇ ಮೈಸೂರು ಸಂಸ್ಥಾನವು ಮಹಾಕ್ಷಾಮಕ್ಕೆ ಸಿಕ್ಕಿ ತತ್ತರಿಸಿತು. 1871ರ ಮೊದಲ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಈ ಎರಡು ಅಂಕಿಗಳ ನಡುವೆ ಅಳಿದುಹೋದ ಜನರು ಏನನ್ನು ಉಂಡು, ಯಾರಲ್ಲಿ ದುಡಿದು, ಎಲ್ಲಿ ಬಿದ್ದರೆಂಬುದನ್ನು ಮನೆಮನೆಯ ವೃತ್ತಾಂತವಾಗಿ ಹೇಳುವ ಶಾಸ್ತ್ರ ಆಗಿನ್ನೂ ಹುಟ್ಟಿರಲಿಲ್ಲ. ಹಯವದನರಾಯರು 1927ರಿಂದ 1930ರವರೆಗೆ ಹೊರತಂದ ಗೆಜೆಟಿಯರು ವಿದ್ವತ್ತಿನಲ್ಲಿ ಹಿರಿದಾದುದು. ಆದರೆ ಅದೂ ಸಂಸ್ಥಾನದ ದೃಷ್ಟಿಯಿಂದಲೇ ಹಳ್ಳಿಯನ್ನು ನೋಡಿತು.

ಅದೇ ಕಾಲದಲ್ಲಿ ತಗಡೂರಿನಲ್ಲಿ ಬೇರೊಂದು ಬಗೆಯ ಸಮೀಕ್ಷೆ, ಗ್ರಂಥರೂಪವನ್ನು ತಾಳದೆ, ಕಾರ್ಯರೂಪದಲ್ಲಿಯೇ ನಡೆಯುತ್ತಿತ್ತು. ಮುಂದೆ ಜನರು ಮೈಸೂರು ಗಾಂಧಿ ಎಂದು ಗೌರವದಿಂದ ಕರೆದ ತಗಡೂರು ರಾಮಚಂದ್ರರಾಯರು ತಮ್ಮ ಊರಿನಲ್ಲಿ ಆಶ್ರಮವನ್ನು ಕಟ್ಟಿ, ಖಾದಿಯನ್ನೂ ಅಸ್ಪೃಶ್ಯತಾ ನಿವಾರಣೆಯನ್ನೂ ಒಂದೇ ವ್ರತವಾಗಿ ಕೈಕೊಂಡರು. ಬೆದ್ದಲು ಸೀಮೆಯ ಬಡತನದ ಕಾರಣವನ್ನು ಹುಡುಕುವುದಕ್ಕೆ ಅಂಕಿ ಅಂಶಗಳ ಪಟ್ಟಿ ಬೇಕಾಗಿರಲಿಲ್ಲ. ಕೊಯ್ಲು ಮುಗಿದ ಮೇಲೆ ಮುಂದಿನ ಮಳೆಯವರೆಗೆ ಕೈಗೆ ಕೆಲಸವಿರಲಿಲ್ಲವೆಂಬುದೇ ಆ ಕಾರಣ. ಅರಳೆಯನ್ನು ಹಿಂಜಿ, ಹಂಜಿ ಮಾಡಿ, ರಾಟೆಯಲ್ಲಿ ನೂತು, ಲಡಿಗಳನ್ನು ಕೇಂದ್ರಕ್ಕೆ ಒಪ್ಪಿಸಿ ಕೂಲಿ ಪಡೆಯುವ ಕ್ರಮವು, ಮನೆಯ ಹೆಂಗಸಿನ ಕೈಗೆ ಆಕೆಯದೇ ಆದ ಕಾಸನ್ನು ತಂದುಕೊಟ್ಟಿತು. 1927ರಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಮೈಸೂರು ಸರ್ಕಾರವೇ ನೆರೆಯ ಬದನವಾಳಿನಲ್ಲಿ ಖಾದಿ ಕೇಂದ್ರವನ್ನು ತೆರೆಯಿತು. ಅರಸೊತ್ತಿಗೆಯ ಸರ್ಕಾರವೊಂದು ರಾಟೆಯನ್ನು ಆರ್ಥಿಕ ನೀತಿಯ ಭಾಗವಾಗಿ ಸ್ವೀಕರಿಸಿದ್ದು ಆ ಕಾಲಕ್ಕೆ ಅಸಾಧಾರಣವಾದ ಸಂಗತಿ. 1934ರ ಜನವರಿಯಲ್ಲಿ ಗಾಂಧೀಜಿಯವರು ಹರಿಜನ ಪ್ರವಾಸದಲ್ಲಿ ಈ ಸೀಮೆಗೆ ಬಂದಾಗ ತಗಡೂರು, ಬದನವಾಳು ಎರಡನ್ನೂ ಕಂಡರು.

ನೂಲುವ ಕಸುಬೇ ಇನ್ನೊಂದು ನಾಡಿನಲ್ಲಿ ಎಷ್ಟು ಭಿನ್ನವಾದ ಹಾದಿ ಹಿಡಿಯಿತೆಂಬುದನ್ನು ಇಲ್ಲಿ ನೆನೆಯುವುದು ಉಚಿತ. ಅಮೆರಿಕದ ಸಂಸ್ಥಾನಗಳಲ್ಲಿ ಅತ್ಯಂತ ಕಿರಿದಾದ ರೋಡ್ ಐಲೆಂಡಿನಲ್ಲಿ ಕೃಷಿಗೆ ಯೋಗ್ಯವಾದ ಭೂಮಿ ಅಲ್ಪ. ಆದರೆ ಕಡಲಿಗೆ ಧುಮುಕುವ ಬ್ಲ್ಯಾಕ್‌ಸ್ಟೋನ್ ನದಿಯ ರಭಸವಿತ್ತು. 1790ರಲ್ಲಿ ಸ್ಯಾಮ್ಯುಯಲ್ ಸ್ಲೇಟರನು ಪಾಟಕೆಟ್ಟಿನಲ್ಲಿ ಆ ನದಿಯ ಬಲದಿಂದ ನೂಲುವ ಯಂತ್ರಗಳನ್ನು ನಡೆಸಿದನು, ಮೊದಲ ಆಳುಗಳಾಗಿ ಮಕ್ಕಳನ್ನು ಇಟ್ಟುಕೊಂಡನು. ನದಿಯ ಉದ್ದಕ್ಕೂ ಗಿರಣಿಯ ಊರುಗಳು ಎದ್ದುವು, ದಕ್ಷಿಣದ ಗುಲಾಮರು ಬೆಳೆದ ಹತ್ತಿ ಅಲ್ಲಿಗೆ ಹರಿದು ಬಂದಿತು. ನಮ್ಮ ಕಾವೇರಿಗೂ ರಭಸವಿಲ್ಲದಿಲ್ಲ. ನರಸೀಪುರದ ಕೆಳಗೆ ಶಿವನಸಮುದ್ರದಲ್ಲಿ ಅದು ಧುಮುಕುವ ಬಲವನ್ನು 1902ರಲ್ಲಿ ವಿದ್ಯುತ್ತಾಗಿ ಪರಿವರ್ತಿಸಿದಾಗ, ಆ ಶಕ್ತಿ ಮೊದಲು ಹೋದದ್ದು ದೂರದ ಕೋಲಾರದ ಚಿನ್ನದ ಗಣಿಗಳಿಗೆ. ನದಿಯ ಬಲ ಹೊರಗಿನ ಗಣಿಗಳಿಗೆ ಹೋದ ಸೀಮೆಯಲ್ಲಿ ಕೈಯ ಬಲವನ್ನೇ ನೆಚ್ಚಿದ ಆಲೋಚನೆ ಹುಟ್ಟಿದ್ದು ಸಹಜವೆಂದೇ ಹೇಳಬೇಕು.

ಶಾಸ್ತ್ರವಾಗಿ ಈ ವರ್ಣನೆಗೆ ಹೊಸ ತಿರುವನ್ನು ಕೊಟ್ಟವರು ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರು. 1948ರಲ್ಲಿ ಅವರು ಬನ್ನೂರಿನ ಕಡೆಯ ಕೊಡಗಹಳ್ಳಿಯಲ್ಲಿ, ಪಟೇಲರ ಎತ್ತಿನ ಮನೆಯಲ್ಲಿ ಬಿಡಾರ ಹೂಡಿ, ಒಕ್ಕಲುತನದ ಕೊಡುಕೊಳೆ, ನ್ಯಾಯ ಪಂಚಾಯತಿ, ಸಾಲ, ಜಗಳ, ಹಬ್ಬಗಳನ್ನು ತಿಂಗಳುಗಟ್ಟಲೆ ಕಂಡರು. ರಾಂಪುರವೆಂಬ ಹೆಸರಿನಲ್ಲಿ ಆ ಊರು ಜಗತ್ತಿನ ವಿದ್ವಾಂಸರಿಗೆ ಪರಿಚಿತವಾಯಿತು. ಪ್ರಬಲ ಜಾತಿ ಎಂಬ ಅವರ ಕಲ್ಪನೆ ಅಲ್ಲಿನ ಅನುಭವದಿಂದ ಪುಷ್ಟಿಗೊಂಡಿತು. ಸಂಖ್ಯೆ, ಭೂಮಿ, ಅಧಿಕಾರ ಇವು ಒಂದು ಜಾತಿಯಲ್ಲಿ ಕೂಡಿದಾಗ ಹಳ್ಳಿಯ ವ್ಯವಹಾರವೆಲ್ಲ ಅದರ ಸುತ್ತ ತಿರುಗುವ ಬಗೆಯನ್ನು ಅಷ್ಟು ಸ್ಪಷ್ಟವಾಗಿ ಹಿಂದೆ ಯಾರೂ ತೋರಿಸಿರಲಿಲ್ಲ. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಅವರ ಟಿಪ್ಪಣಿಗಳು ಬೆಂಕಿಗೆ ಆಹುತಿಯಾಗಲು, ನೆನಪಿನಿಂದಲೇ ಬರೆದ ಅವರ ಗ್ರಂಥ 1976ರಲ್ಲಿ ಪ್ರಕಟವಾಯಿತು. ದಲಿತರ ಕೇರಿಯೊಳಗೆ ತಮಗೆ ದೊರೆತ ಪ್ರವೇಶ ಅಲ್ಪವಾಗಿತ್ತೆಂಬುದನ್ನು ಅವರು ಮರೆಮಾಚಲಿಲ್ಲ.

ಅಂತಹ ಕೇರಿಯ ಒಳಗಿನಿಂದ ಬರೆದವರು ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ಹುಟ್ಟಿದ ಮಹಾದೇವರು. 1984ರಲ್ಲಿ ಪ್ರಕಟವಾದ ಅವರ ಕಾದಂಬರಿ ಕುಸುಮಬಾಲೆಯನ್ನು ಸಮೀಕ್ಷಾ ಗ್ರಂಥಗಳ ಸಾಲಿನಲ್ಲಿ ಇಡುವುದಕ್ಕೆ ಪಂಡಿತರು ಒಪ್ಪದಿರಬಹುದು. ನಾನಂತೂ ನಿಸ್ಸಂಕೋಚವಾಗಿ ಇಡುತ್ತೇನೆ. ಒಡೆಯನ ಮನೆಗೂ ಆಳಿನ ಗುಡಿಸಲಿಗೂ ನಡುವಣ ಅಂತರವನ್ನು ಈ ಸೀಮೆಯ ಮಾತಿನಲ್ಲಿಯೇ ಅದು ತಿಳಿಸಿದಷ್ಟು ಆಳವಾಗಿ ಯಾವ ಗೆಜೆಟಿಯರೂ ತಿಳಿಸಿಲ್ಲ. ಆ ಅಂತರ ಕಥೆಯದು ಮಾತ್ರವಲ್ಲ. ಖಾದಿಯ ಬದನವಾಳಿನಲ್ಲಿಯೇ 1993ರಲ್ಲಿ, ದೇವಾಲಯ ಪ್ರವೇಶದಿಂದ ಬೆಳೆದ ವೈಮನಸ್ಯದಲ್ಲಿ, ಮೂವರು ದಲಿತರ ಹತ್ಯೆ ನಡೆಯಿತು. ನೂಲು ಜೋಡಿಸಿದ ಊರನ್ನು ಜಾತಿ ಒಡೆಯಿತೆಂಬ ಈ ದುಃಖವನ್ನು ಬಿಟ್ಟು ಇಲ್ಲಿನ ಆರ್ಥಿಕ ಚರಿತ್ರೆಯನ್ನು ಬರೆದರೆ ಅದು ಸತ್ಯವಾಗಲಾರದು.

ಈಚಿನ ಅರ್ಧ ಶತಮಾನದಲ್ಲಿ ಬದಲಾವಣೆ ವೇಗವಾಗಿ ಬಂದಿದೆ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ನಾಲೆಗಳು ಹಿಂದಿನ ಬೆದ್ದಲಿನಲ್ಲಿ ಬಹುಭಾಗಕ್ಕೆ ನೀರು ತಂದುವು. ಕಬ್ಬು, ಬಾಳೆ ಹಬ್ಬಿದುವು. ನಂಜನಗೂಡಿನಲ್ಲಿ ಕಾಫಿ, ಔಷಧಗಳ ಕಾರ್ಖಾನೆಗಳು ನಿಂತುವು. ಭೌಗೋಳಿಕ ಸೂಚಕದ ಮನ್ನಣೆ ಪಡೆದ ನಂಜನಗೂಡಿನ ರಸಬಾಳೆಯನ್ನು ಮಾತ್ರ ಬೆಳೆಯುವವರು ವಿರಳರಾದರು. 2015ರಲ್ಲಿ ರಂಗಕರ್ಮಿ ಪ್ರಸನ್ನರು ಬದನವಾಳಿನ ಹಳೆಯ ಖಾದಿ ಆವರಣದಲ್ಲಿ ಸತ್ಯಾಗ್ರಹವನ್ನು ನಡೆಸಿ, ಕೈಕಸುಬಿನ ಪ್ರಶ್ನೆಯನ್ನು ಮತ್ತೆ ದೇಶದ ಮುಂದಿಟ್ಟರು.

ಇಷ್ಟೆಲ್ಲ ನಡೆದರೂ ತಗಡೂರಿನ ಕುರಿತು, ಕೊಡಗಹಳ್ಳಿಗೆ ದೊರೆತಂತಹ ಒಂದು ಸಮಗ್ರ ಗ್ರಂಥ ದೊರೆಯಬೇಕಾಗಿದೆ. ಈ ಎರಡು ತಾಲ್ಲೂಕುಗಳ ಕಾಲೇಜುಗಳಲ್ಲಿ ಅರ್ಥಶಾಸ್ತ್ರ, ಭೂಗೋಳ, ಸಮಾಜಶಾಸ್ತ್ರಗಳನ್ನು ಕಲಿಸುವ ಅಧ್ಯಾಪಕರಲ್ಲಿ ನನ್ನ ಪ್ರಾರ್ಥನೆ ಇದು: ನಾಲೆ ಬರುವುದಕ್ಕೆ ಮುಂಚಿನ ಬೇಸಾಯವನ್ನು ಕಂಡ ಹಿರಿಯರೂ, ರಾಟೆಯ ಕೂಲಿಯಿಂದ ಮನೆ ನಡೆಸಿದ ಮುದುಕಿಯರೂ ಇನ್ನೂ ಊರುಗಳಲ್ಲಿ ಇರುವಾಗಲೇ, ನಿಮ್ಮ ವಿದ್ಯಾರ್ಥಿಗಳನ್ನು ಎಲ್ಲ ಕೇರಿಗಳಿಗೂ ಕಳುಹಿಸಿ, ಅವರ ಮಾತುಗಳನ್ನು ಅವರ ನುಡಿಯಲ್ಲಿಯೇ ಬರೆಯಿಸಿಡಿ.