ಹಸಿವಿನಲ್ಲೇ ಬೆಳೆಯುವ ಗಡ್ಡೆ

ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಉಪವಾಸ ಬಿದ್ದು ಸಾಯುತ್ತದೆ ಎಂಬ ಮಾತು ವಾಟ್ಸ್‌ಆ್ಯಪ್‌ನಿಂದ ಹೊರಟು ಈಗ ಆಸ್ಪತ್ರೆಯ ಹೊರರೋಗಿ ವಿಭಾಗದವರೆಗೂ ಬಂದಿದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾದ ಕೂಡಲೇ ಮನೆಯವರು ರೋಗಿಗೆ ಅನ್ನ ಬಿಡಿಸುತ್ತಾರೆ, ಮುದ್ದೆ ಬಿಡಿಸುತ್ತಾರೆ, ಬಾಳೆಹಣ್ಣೂ ಬೇಡ ಎನ್ನುತ್ತಾರೆ. ಕಾಯಿಲೆ ಆಗಲೇ ಮೈಯ ಮಾಂಸ ಕರಗಿಸಿರುತ್ತದೆ, ಉಳಿದದ್ದನ್ನು ಪಥ್ಯ ಕರಗಿಸುತ್ತದೆ. ಶಸ್ತ್ರಚಿಕಿತ್ಸೆ ಮಾಡಬಹುದಾಗಿದ್ದ ರೋಗಿ ಹೀಗೆ ಸೊರಗಿ ಅದನ್ನು ತಡೆದುಕೊಳ್ಳಲಾಗದ ಸ್ಥಿತಿಗೆ ಇಳಿಯುವುದನ್ನು ನೋಡುವುದು ಶಸ್ತ್ರಚಿಕಿತ್ಸಕನಿಗೆ ತುಂಬ ಕಷ್ಟದ ಸಂಗತಿ. ಈ ನಂಬಿಕೆಯ ಬುಡದಲ್ಲಿರುವುದು ನೂರು ವರ್ಷ ಹಳೆಯ ಒಂದು ಒಳ್ಳೆಯ ಪ್ರಯೋಗ. ಅದರ ನಂತರ ಏನೇನು ನಡೆಯಿತೆಂದು ಕನ್ನಡದಲ್ಲಿ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಬರ್ಲಿನ್ನಿನ ಒಟ್ಟೋ ವಾರ್ಬರ್ಗ್ 1920ರ ದಶಕದಲ್ಲಿ ಗಡ್ಡೆಯ ತೆಳು ಹೋಳುಗಳನ್ನು ಗಾಜಿನ ಪಾತ್ರೆಯಲ್ಲಿಟ್ಟು, ಅವು ಎಷ್ಟು ಆಮ್ಲಜನಕ ಬಳಸುತ್ತವೆ, ಎಷ್ಟು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ ಎಂದು ಅಳೆದರು. ಆಮ್ಲಜನಕ ಧಾರಾಳವಾಗಿದ್ದರೂ ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಪೂರ್ತಿ ಉರಿಸದೆ, ಅರ್ಧಕ್ಕೇ ಒಡೆದು ಲ್ಯಾಕ್ಟಿಕ್ ಆಮ್ಲವಾಗಿ ಹೊರಹಾಕುತ್ತಿದ್ದವು. ಒಂದು ಗ್ಲೂಕೋಸ್ ಅಣುವಿನಿಂದ ಕೋಶದ ಇಂಧನವಾದ ಎಟಿಪಿ ಸುಮಾರು 30 ಪಡೆಯಬಹುದಾದಲ್ಲಿ ಈ ದಾರಿಯಲ್ಲಿ ದಕ್ಕುವುದು 2 ಮಾತ್ರ. ಕೋಶದ ಉಸಿರಾಟ ಕೆಡುವುದರಿಂದಲೇ ಕ್ಯಾನ್ಸರ್ ಹುಟ್ಟುತ್ತದೆ ಎಂದು ಅವರು 1956ರಲ್ಲೂ ವಾದಿಸುತ್ತಿದ್ದರು. ಅಳತೆ ಸರಿಯಾಗಿತ್ತು, ವಿವರಣೆ ತಪ್ಪಾಗಿತ್ತು. ಹೆಚ್ಚಿನ ಗಡ್ಡೆಗಳಲ್ಲಿ ಈ ಉಸಿರಾಟ ನಡೆಸುವ ಮೈಟೋಕಾಂಡ್ರಿಯ ಕೆಲಸ ಮಾಡುತ್ತಲೇ ಇರುತ್ತದೆ. ಮುಂದೆ ವಂಶವಾಹಿಗಳ ಯುಗ ಬಂದು ವಾರ್ಬರ್ಗ್ ಮರೆಗೆ ಸರಿದರು. ಅವರನ್ನು ಆಸ್ಪತ್ರೆಗಳಲ್ಲಿ ಜೀವಂತವಾಗಿಟ್ಟದ್ದು ಪೆಟ್ ಸ್ಕ್ಯಾನ್. ವಿಕಿರಣದ ಗುರುತು ಹಚ್ಚಿದ ಗ್ಲೂಕೋಸನ್ನು ಮನುಷ್ಯರಿಗೆ ಮೊದಲು ಕೊಟ್ಟದ್ದು 1976ರಲ್ಲಿ, ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ. ತೆರೆಯ ಮೇಲೆ ಬೆಳಗುವ ಗಡ್ಡೆಯನ್ನು ನೋಡಿದವರಿಗೆ ಸಕ್ಕರೆಯೇ ಅದರ ಆಹಾರ ಎನಿಸುವುದು ಸಹಜ.

ಶಸ್ತ್ರಚಿಕಿತ್ಸೆಯ ಕಥೆ ಬೇರೆಯೇ ದಾರಿಯಲ್ಲಿ ನಡೆಯಿತು. ಬರ್ಲಿನ್ನಿನಲ್ಲೇ ವಾಲ್ಟರ್ ಕೌಶ್ 1909ರಲ್ಲಿ ಮೇದೋಜೀರಕ ಗ್ರಂಥಿಯ ತಲೆಭಾಗವನ್ನು ಸಣ್ಣ ಕರುಳಿನ ಮೊದಲ ಭಾಗವಾದ ಡುವೋಡಿನಮ್ ಸಮೇತ ತೆಗೆದರು. 1935ರಲ್ಲಿ ನ್ಯೂಯಾರ್ಕಿನ ಅಲೆನ್ ವಿಪಲ್ ಮೂವರು ರೋಗಿಗಳ ವರದಿ ಕೊಟ್ಟ ಮೇಲೆ ಈ ಶಸ್ತ್ರಚಿಕಿತ್ಸೆಗೆ ಅವರ ಹೆಸರೇ ನಿಂತಿತು. ದಶಕಗಳ ಕಾಲ ಅದು ಸಾವು ಹೆಚ್ಚಿದ್ದ, ಅನೇಕರು ಕೈಬಿಡಬೇಕೆಂದ ಶಸ್ತ್ರಚಿಕಿತ್ಸೆ. ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಜಾನ್ ಕ್ಯಾಮರೂನ್ ತಂಡ 1993ರಲ್ಲಿ ಸತತ 145 ರೋಗಿಗಳಲ್ಲಿ ಒಂದೂ ಸಾವಿಲ್ಲದೆ ಇದನ್ನು ಮಾಡಿದ್ದಾಗಿ ವರದಿ ಮಾಡಿದ ಮೇಲೆ ಆ ಮಾತು ನಿಂತಿತು. ಕೈಚಳಕದ ಸಮಸ್ಯೆ ಬಹುಮಟ್ಟಿಗೆ ಬಗೆಹರಿದರೂ ಗಡ್ಡೆ ಮರಳುವುದು ನಿಲ್ಲಲಿಲ್ಲ. ಇಂದಿಗೂ ಪತ್ತೆಯಾಗುವ ಹೊತ್ತಿಗೆ ನೂರರಲ್ಲಿ 15-20 ಮಂದಿಗಷ್ಟೇ ಶಸ್ತ್ರಚಿಕಿತ್ಸೆ ಸಾಧ್ಯ. ನನ್ನ ಪೀಳಿಗೆಯವರು ಕತ್ತರಿ ಕೆಳಗಿಟ್ಟು ಪ್ರಯೋಗಾಲಯದ ಕಡೆ ನೋಡಿದ್ದು ಈ ಕಾರಣಕ್ಕೆ.

ಅಲ್ಲಿ ಕಾದಿದ್ದದ್ದು ಕೆರಾಸ್. ಈ ಕ್ಯಾನ್ಸರಿನಲ್ಲಿ ಈ ಒಂದೇ ವಂಶವಾಹಿ ನೂರಕ್ಕೆ 90ಕ್ಕಿಂತ ಹೆಚ್ಚು ರೋಗಿಗಳಲ್ಲಿ ಕೆಟ್ಟಿರುತ್ತದೆ ಎಂಬುದು 1988ರಿಂದಲೇ ಗೊತ್ತಿತ್ತು. ಅದು ಮಾಡುವುದೇನು ಎಂಬುದಕ್ಕೆ ಉತ್ತರ ತಡವಾಗಿ ಬಂತು. 2012ರಲ್ಲಿ ಬಾಸ್ಟನ್ನಿನ ಅಲೆಕ್ ಕಿಮ್ಮೆಲ್‌ಮನ್, ರೊನಾಲ್ಡ್ ಡಿಪಿನೋ ಮತ್ತವರ ಸಂಗಡಿಗರು ಇಲಿಗಳಲ್ಲಿ ಕೆರಾಸನ್ನು ಬೇಕೆಂದಾಗ ನಿಲ್ಲಿಸಬಲ್ಲ ಮಾದರಿ ಕಟ್ಟಿ ನೋಡಿದರು. ಕೆರಾಸ್ ನಿಂತಾಗ ಗಡ್ಡೆ ಕುಗ್ಗಿತು. ಅದು ಗ್ಲೂಕೋಸನ್ನು ಶಕ್ತಿಗಾಗಿ ಎಳೆದುಕೊಳ್ಳುವುದಕ್ಕಿಂತ ಹೆಚ್ಚಾಗಿ ಡಿಎನ್‌ಎ ಕಟ್ಟುವ ಸಾಮಗ್ರಿಗಾಗಿ ಎಳೆದುಕೊಳ್ಳುತ್ತಿದೆ ಎಂಬುದು ಆಗ ಕಂಡಿತು. ಮರುವರ್ಷ ಎರಡು ಲೇಖನ ಬಂದವು. ಕಿಮ್ಮೆಲ್‌ಮನ್ ಬಳಗ, ಈ ಕೋಶಗಳು ಗ್ಲುಟಮಿನ್ ಎಂಬ ಅಮೈನೋ ಆಮ್ಲವನ್ನು ಸಾಮಾನ್ಯವಲ್ಲದ ದಾರಿಯಲ್ಲಿ ಬಳಸಿ ಉತ್ಕರ್ಷಣದ ಹಾನಿಯಿಂದ ಪಾರಾಗುತ್ತವೆ ಎಂದು ತೋರಿಸಿತು. ನ್ಯೂಯಾರ್ಕಿನ ದಾಫ್ನಾ ಬಾರ್-ಸಾಗಿ ಬಳಗ ತೋರಿಸಿದ್ದು ಇನ್ನೂ ಬೆರಗಿನದು: ಕೋಶದ ಹೊರಪೊರೆ ಸುತ್ತಲಿನ ದ್ರವವನ್ನು ಗುಟುಕು ಗುಟುಕಾಗಿ ಒಳಗೆಳೆದು, ಅದರಲ್ಲಿನ ಆಲ್ಬುಮಿನ್ ಪ್ರೋಟೀನನ್ನು ಜೀರ್ಣಿಸಿ ಅಮೈನೋ ಆಮ್ಲ ಮಾಡಿಕೊಳ್ಳುತ್ತದೆ. ಕೋಶ ತನ್ನದೇ ಒಳಭಾಗಗಳನ್ನು ಅರಗಿಸಿಕೊಂಡು ಬದುಕುವ ಆಟೋಫೇಜಿಯ ಮೇಲೂ ಈ ಗಡ್ಡೆ ಅವಲಂಬಿಸಿದೆ ಎಂಬುದು 2011ರಲ್ಲೇ ಗೊತ್ತಾಗಿತ್ತು. 2016ರಲ್ಲಿ, ಪಕ್ಕದಲ್ಲಿ ನಾರಿನ ಅಂಗಾಂಶ ಕಟ್ಟುವ ಸ್ಟೆಲೇಟ್ ಕೋಶಗಳು ತಮ್ಮನ್ನೇ ಅರಗಿಸಿಕೊಂಡು ಗಡ್ಡೆಗೆ ಅಲನಿನ್ ಎಂಬ ಅಮೈನೋ ಆಮ್ಲ ಒದಗಿಸುತ್ತವೆ ಎಂದೂ ತಿಳಿಯಿತು.

ಧಾರಾಳವಾಗಿ ಉಣ್ಣುವವನಿಗೆ ಇಷ್ಟೆಲ್ಲ ಉಪಾಯ ಬೇಕಿಲ್ಲ. ಇದು ಬರಗಾಲದಲ್ಲಿ ಬದುಕಲು ಕಲಿತ ಕೋಶ ಎಂಬ ಅನುಮಾನಕ್ಕೆ ಉತ್ತರ ಇದ್ದದ್ದು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ. ಈ ಕ್ಷೇತ್ರದ ಇತಿಹಾಸ ಬರೆಯುವವರು ಈ ಭಾಗವನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. ನನಗಿದು ಇಡೀ ಕಥೆಯ ನಡುಮನೆ. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್‌ನಲ್ಲಿ 2000ದಲ್ಲಿ ಏಳು ರೋಗಿಗಳ ಹೊಟ್ಟೆ ತೆರೆದಾಗ ಸೂಜಿಯಂಥ ಎಲೆಕ್ಟ್ರೋಡನ್ನು ಗಡ್ಡೆಯೊಳಗೆ ಚುಚ್ಚಿ ಆಮ್ಲಜನಕದ ಒತ್ತಡ ಅಳೆದರು. ಪಕ್ಕದ ಆರೋಗ್ಯವಂತ ಗ್ರಂಥಿಯಲ್ಲಿ ಅದು 24ರಿಂದ 92 ಮಿಲಿಮೀಟರ್ ಪಾದರಸದ ನಡುವೆ ಇತ್ತು, ಗಡ್ಡೆಯಲ್ಲಿ 0ಯಿಂದ 5ರ ಆಸುಪಾಸು. 2015ರಲ್ಲಿ ಪ್ರಿನ್ಸ್‌ಟನ್ನಿನ ಜೋಶುವಾ ರಾಬಿನೋವಿಟ್ಜ್ ಬಳಗ ಶಸ್ತ್ರಚಿಕಿತ್ಸಕರ ಜೊತೆ ಸೇರಿ, ತೆಗೆದ ಗಡ್ಡೆಯನ್ನೂ ಅದರ ಪಕ್ಕದ ಭಾಗವನ್ನೂ ತಕ್ಷಣ ಹೆಪ್ಪುಗಟ್ಟಿಸಿ ಹೋಲಿಸಿತು. ಗಡ್ಡೆಯಲ್ಲಿ ಗ್ಲೂಕೋಸ್ ಕಡಿಮೆ, ಗ್ಲುಟಮಿನ್ ಕಡಿಮೆ. ಸಕ್ಕರೆ ನುಂಗುವ ರಾಕ್ಷಸ ಎಂದು ಹೆಸರಾದ ಈ ಗಡ್ಡೆಯ ಒಳಗೇ ಸಕ್ಕರೆಯ ಕೊರತೆ. ದಟ್ಟವಾದ ನಾರಿನಂಥ ಅಂಗಾಂಶ ರಕ್ತನಾಳಗಳನ್ನು ಅಮುಕಿಬಿಡುವುದರಿಂದ ಹೀಗೆ. ಬಯಲುಸೀಮೆಯ ಜಾಲಿಗೆ ನೀರು ನಿಲ್ಲಿಸಿ ಅದನ್ನು ಒಣಗಿಸಲಾಗದು.

ಈ ಎಳೆಯನ್ನು ಬಿಡದೆ ಹಿಡಿದವರಲ್ಲಿ ಶಸ್ತ್ರಚಿಕಿತ್ಸಕ ಜೋರ್ಡನ್ ವಿಂಟರ್ ಅವರ ಕೆಲಸಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಹಾಪ್‌ಕಿನ್ಸ್‌ನಲ್ಲಿ ತರಬೇತಿಯ ಕಾಲದಲ್ಲಿ, ಅಲ್ಲಿ ನಡೆದ 1,423 ವಿಪಲ್ ಶಸ್ತ್ರಚಿಕಿತ್ಸೆಗಳ ಫಲಿತಾಂಶವನ್ನು ಒಟ್ಟುಮಾಡಿ 2006ರಲ್ಲಿ ಬರೆದ ಲೇಖನದ ಮೊದಲ ಹೆಸರು ಅವರದೇ. ಅಷ್ಟು ರೋಗಿಗಳ ಗತಿಯನ್ನು ಕಂಡವರು ಕೇಳಬಹುದಾದ ಪ್ರಶ್ನೆಯನ್ನೇ ಅವರು ಫಿಲಡೆಲ್ಫಿಯದಲ್ಲಿ, ನಂತರ ಕ್ಲೀವ್‌ಲ್ಯಾಂಡಿನಲ್ಲಿ ಕೇಳಿದರು: ಇಷ್ಟು ಕಡಿಮೆ ಗ್ಲೂಕೋಸಿನಲ್ಲಿ ಕೋಶ ಸಾಯದೆ ಉಳಿಯುವುದು ಹೇಗೆ? ಹಸಿವು ತಟ್ಟಿದಾಗ ಎಚ್‌ಯುಆರ್ ಎಂಬ ಪ್ರೋಟೀನ್ ಐಡಿಎಚ್‌1 ಕಿಣ್ವದ ಉತ್ಪಾದನೆ ಹೆಚ್ಚಿಸುತ್ತದೆ, ಆ ಕಿಣ್ವ ಉತ್ಕರ್ಷಣದ ಹಾನಿಯನ್ನು ತಡೆಯುವ ಎನ್‌ಎಡಿಪಿಎಚ್ ಒದಗಿಸುತ್ತದೆ ಎಂದು 2017ರಲ್ಲಿ ತೋರಿಸಿದರು. ರಕ್ತದ ಕ್ಯಾನ್ಸರಿನಲ್ಲಿ ಕೆಟ್ಟುಹೋದ ಐಡಿಎಚ್‌1 ವಿರುದ್ಧ ಬಳಸುವ ಐವೊಸಿಡೆನಿಬ್ ಮಾತ್ರೆ, ಮೆಗ್ನೀಸಿಯಮ್ ಕಡಿಮೆ ಇರುವ ಗಡ್ಡೆಯೊಳಗೆ ಸಹಜ ಐಡಿಎಚ್‌1ನ್ನೂ ತಡೆಯುತ್ತದೆ ಎಂಬುದು 2022ರ ಶೋಧನೆ. ಪೋಷಕಾಂಶ ತುಂಬಿ ತುಳುಕುವ ಪ್ರಯೋಗಾಲಯದ ತಟ್ಟೆಯಲ್ಲಿ ಇದು ಕಾಣುವುದಿಲ್ಲ. ಗಡ್ಡೆಯ ನಿಜವಾದ ಬಡತನವನ್ನು ತಟ್ಟೆಗೆ ತಂದಾಗಲೇ ಕಾಣುತ್ತದೆ.

ವಿಂಟರ್ ಅವರ 2023ರ ಲೇಖನವನ್ನು ಪಥ್ಯ ಬೋಧಿಸುವವರು ಓದಲೇಬೇಕು. ಗ್ಲೂಕೋಸ್ ಹೆಚ್ಚಿದ್ದ ಇಲಿಗಳಲ್ಲಿ ಕಿಮೋಥೆರಪಿ ಹೆಚ್ಚು ಚೆನ್ನಾಗಿ ಕೆಲಸ ಮಾಡಿತು. ಹಸಿದ ಕೋಶ ಗ್ಲುಟಥಯೋನ್ ಎಂಬ ರಕ್ಷಕವನ್ನು ಕೂಡಿಟ್ಟುಕೊಂಡು ಔಷಧಿಯ ಏಟನ್ನು ತಾಳಿಕೊಳ್ಳುತ್ತದೆ. ಗ್ಲೂಕೋಸ್ ಸಿಕ್ಕಾಗ ಆ ರಕ್ಷಣೆ ಸಡಿಲವಾಗುತ್ತದೆ. ಸಿಹಿ ತಿನ್ನಿ, ಸಕ್ಕರೆ ಕಾಯಿಲೆಯ ಮಾತ್ರೆ ಬಿಡಿ ಎಂದು ಇದರ ಅರ್ಥವಲ್ಲ. ಆದರೆ ಗಡ್ಡೆಯನ್ನು ಉಪವಾಸ ಕೆಡವಿದರೆ ಅದು ಇನ್ನಷ್ಟು ಗಟ್ಟಿಯಾದೀತು ಎಂಬ ಸಾಧ್ಯತೆಯನ್ನು ಇಷ್ಟು ನೇರವಾಗಿ ಮುಂದಿಟ್ಟ ಕೆಲಸ ಇನ್ನೊಂದಿಲ್ಲ.

ಔಷಧಿಗಳ ಪ್ರಯೋಗಗಳು ಇದೇ ಅವಧಿಯಲ್ಲಿ ಒಂದರ ಹಿಂದೊಂದು ಸೋತವು. ಮೈಟೋಕಾಂಡ್ರಿಯದ ಮೇಲೆ ಗುರಿಯಿಟ್ಟ ಡೆವಿಮಿಸ್ಟಾಟ್, ಆಸ್ಪರಜಿನ್ ಕಸಿಯಲು ಹೊರಟ ಎರಿಯಾಸ್ಪೇಸ್, ಎರಡೂ 2021ರಲ್ಲಿ ಬಿದ್ದವು. ಆಟೋಫೇಜಿ ತಡೆಯಲು ಕೊಟ್ಟ ಹೈಡ್ರಾಕ್ಸಿಕ್ಲೋರೋಕ್ವಿನ್ ಹರಡಿದ ಕಾಯಿಲೆಯಲ್ಲಿ ಆಯುಷ್ಯ ಹೆಚ್ಚಿಸಲಿಲ್ಲ. ಇವುಗಳಲ್ಲಿ ಹೆಚ್ಚಿನವು ಔಷಧಿ ಕೊಟ್ಟ ಮೇಲೆ ಗಡ್ಡೆಯೊಳಗೆ ಏನಾಯಿತೆಂದು ನೋಡಲಾಗದಂಥ ಪ್ರಯೋಗಗಳು. ಇದಕ್ಕೆ ಹೊರತಾದದ್ದು ಶಸ್ತ್ರಚಿಕಿತ್ಸಕ ಹರ್ಬರ್ಟ್ ಝೆ ಬಳಗದ್ದು. ಶಸ್ತ್ರಚಿಕಿತ್ಸೆಗೆ ಮುಂಚೆ ಕಿಮೋ ಜೊತೆ ಅದೇ ಮಾತ್ರೆ ಕೊಟ್ಟು, ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ ಹೆಚ್ಚು ಕೋಶಗಳು ಸತ್ತಿದ್ದವು. ಅದರಿಂದ ರೋಗಿಗಳು ಹೆಚ್ಚು ಕಾಲ ಬದುಕಿದರೆಂದು ಸಾಬೀತಾಗಲಿಲ್ಲ. ಆದರೂ ಏನು ಬದಲಾಯಿತೆಂದು ಕಣ್ಣಾರೆ ಕಾಣುವುದು ಈ ಬಗೆಯಲ್ಲಿ ಮಾತ್ರ ಸಾಧ್ಯ.

ಇಡೀ ಮೈಯ ಚಯಾಪಚಯದ ಕಡೆಯಿಂದ ನೋಡಿದರೆ ದಕ್ಷಿಣ ಭಾರತದ ಪಾಲು ಸಣ್ಣದಲ್ಲ. ಎಳೆಯ ವಯಸ್ಸಿನಲ್ಲೇ ಗ್ರಂಥಿಯಲ್ಲಿ ಕಲ್ಲು ಕಟ್ಟಿ ಸಕ್ಕರೆ ಕಾಯಿಲೆ ತರುವ ಉಷ್ಣವಲಯದ ಪ್ಯಾಂಕ್ರಿಯಾಟೈಟಿಸನ್ನು ಕೇರಳದ ಜಿ. ಗೀವರ್ಗೀಸ್ 1960ರ ದಶಕದಲ್ಲೇ ದೊಡ್ಡ ಪ್ರಮಾಣದಲ್ಲಿ ದಾಖಲಿಸಿದರು. ಇಂಥವರಿಗೆ ಕ್ಯಾನ್ಸರಿನ ಅಪಾಯ ಬಹಳ ಹೆಚ್ಚು ಎಂದು 1994ರಲ್ಲಿ ಬರೆದ ಸುರೇಶ್ ಚಾರಿ ಮತ್ತು ಚೆನ್ನೈನ ವಿ. ಮೋಹನ್ ಅವರ ಕೆಲಸ ನಮ್ಮ ಪಠ್ಯಗಳಲ್ಲಿ ಒಂದು ಸಾಲಿಗೆ ಇಳಿದಿದೆ. ಮುಂದೆ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಚಾರಿ 2005ರಲ್ಲಿ ತೋರಿಸಿದ್ದು: 50 ದಾಟಿದ ಮೇಲೆ ಹೊಸದಾಗಿ ಸಕ್ಕರೆ ಕಾಯಿಲೆ ಬಂದವರಲ್ಲಿ ಸುಮಾರು ನೂರಕ್ಕೊಬ್ಬರಲ್ಲಿ ಮೂರು ವರ್ಷದೊಳಗೆ ಈ ಕ್ಯಾನ್ಸರ್ ಪತ್ತೆಯಾಗುತ್ತದೆ. ತೂಕ ಇಳಿಯುತ್ತಾ ಸಕ್ಕರೆ ಏರುವ ರೋಗಿಗೆ ಮಾತ್ರೆ ಬದಲಿಸಿ ಕಳಿಸುವ ನಮ್ಮ ಅಭ್ಯಾಸ ಇಪ್ಪತ್ತು ವರ್ಷ ಕಳೆದರೂ ಹೆಚ್ಚು ಬದಲಾಗಿಲ್ಲ. ಗ್ರಂಥಿಯ ಜೀರ್ಣರಸ ಕಡಿಮೆಯಾದ ಇಂಥ ರೋಗಿಗಳಿಗೆ ಊಟದ ಜೊತೆ ನುಂಗುವ ಕಿಣ್ವದ ಕ್ಯಾಪ್ಸೂಲ್ ಕೊಟ್ಟರೆ ತಿಂದದ್ದು ಮೈಗೆ ಹತ್ತುತ್ತದೆ. ಅದನ್ನು ಬರೆದುಕೊಡುವವರೂ ಕಡಿಮೆ.

ಇನ್ನೊಂದು ಕೊರತೆ ನಮ್ಮ ಕೈಯಲ್ಲೇ ಇದೆ. ವಿಪಲ್ ಶಸ್ತ್ರಚಿಕಿತ್ಸೆಯಲ್ಲಿ ಗ್ಯಾಸ್ಟ್ರೋಡುವೋಡಿನಲ್ ಅಪಧಮನಿಯನ್ನು ಬೇಗನೆ ಕಟ್ಟುತ್ತೇವೆ. ಅಲ್ಲಿಂದಲೇ ಗಡ್ಡೆಗೆ ಹರಿಯುವ ರಕ್ತ ಇಳಿಯುತ್ತದೆ, ಪೋರ್ಟಲ್ ಅಭಿಧಮನಿಯಿಂದ ಅದನ್ನು ಬಿಡಿಸಿ ಹೊರತೆಗೆಯುವಷ್ಟರಲ್ಲಿ ಬಹಳ ಹೊತ್ತಾಗಿರುತ್ತದೆ. ರಕ್ತ ನಿಂತ ಕೆಲವೇ ನಿಮಿಷಗಳಲ್ಲಿ ಎಟಿಪಿ ಕುಸಿದು ಲ್ಯಾಕ್ಟೇಟ್ ಏರುತ್ತದೆ. ಅಂದರೆ ಹಸಿದ ಗಡ್ಡೆಯ ಹಸಿವು ಕಾಯಿಲೆಯದೋ ನಮ್ಮ ದಾರದ ಗಂಟಿನದೋ ಎಂದು ಹೇಳಬಲ್ಲವನು ಶಸ್ತ್ರಚಿಕಿತ್ಸಕನೊಬ್ಬನೇ. ಹಾಗಿದ್ದೂ ನಮ್ಮ ಶಸ್ತ್ರಚಿಕಿತ್ಸೆಯ ಟಿಪ್ಪಣಿಗಳಲ್ಲಿ ಎಷ್ಟು ರಕ್ತ ಹೋಯಿತು, ಯಾವ ದಾರದಿಂದ ಹೊಲಿದೆವು ಎಂಬುದಿರುತ್ತದೆ. ಅಪಧಮನಿ ಕಟ್ಟಿದ ಹೊತ್ತು, ರೋಗಿ ಎಷ್ಟು ಗಂಟೆಯಿಂದ ಉಪವಾಸವಿದ್ದ, ಹಿಂದಿನ ರಾತ್ರಿ ಡೆಕ್ಸ್‌ಟ್ರೋಸ್ ಡ್ರಿಪ್ ಹಾಕಿದ್ದರೋ ಇಲ್ಲವೋ ಎಂಬುದಿರುವುದಿಲ್ಲ. ತೆಗೆದ ಗಡ್ಡೆ ನೇರ ಫಾರ್ಮಲಿನ್ ಡಬ್ಬಿಗೆ ಹೋಗುತ್ತದೆ. ಅದರ ಒಂದು ಚೂರನ್ನು ದ್ರವ ಸಾರಜನಕಕ್ಕೆ ಹಾಕಿ, ಈ ಮೂರು ಸಂಗತಿಗಳನ್ನು ಅದೇ ಪುಟದಲ್ಲಿ ಬರೆದಿಡುವ ಆಸ್ಪತ್ರೆಗಳು ನಮ್ಮಲ್ಲಿ ಹೆಚ್ಚಬೇಕು. ಉಷ್ಣವಲಯದ ಪ್ಯಾಂಕ್ರಿಯಾಟೈಟಿಸ್‌ನಿಂದ ಹುಟ್ಟಿದ ಗಡ್ಡೆಯೂ ಉಳಿದವುಗಳಂತೆಯೇ ಹಸಿದಿರುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಆ ಚೂರುಗಳಲ್ಲೇ ಸಿಗಬೇಕು.