ವೋಲ್ಟೇಜ್ ಇಲ್ವೇನ್ಲಾ?

ಬೆಂಗಳೂರಿನಲ್ಲಿ ಫ್ಲ್ಯಾಟ್ ತಗೊಂಡಾಗ ಲೈಟಿಂಗ್ ವಿಷಯದಲ್ಲಿ ನಾನು ಬಹಳ ತಲೆ ಕೆಡಿಸಿಕೊಂಡಿದ್ದೆ. ಹಾಲ್ ತುಂಬಾ 2700 ಕೆಲ್ವಿನ್ನಿನ ಹಳದಿ ಬಲ್ಬು, ಮೂಲೆಗೊಂದು ಸಣ್ಣ ಲ್ಯಾಂಪು, ಶೆಲ್ಫಿನಲ್ಲಿ ನಮ್ಮ ಚನ್ನಪಟ್ಟಣದ ನಾಲ್ಕು ಗೊಂಬೆ. ಬಂದ ಫ್ರೆಂಡ್ಸೆಲ್ಲ ಚೆನ್ನಾಗಿದೆ ಅಂದರು. ಊರಿಂದ ಬಂದ ಅಪ್ಪ ಮಾತ್ರ ಸೋಫಾದಲ್ಲಿ ಕೂತು ಸೀಲಿಂಗ್ ನೋಡಿ ಕೇಳಿದರು: “ಏನ್ಲಾ ಮಗಾ, ಇಲ್ಲೂ ವೋಲ್ಟೇಜ್ ಇಲ್ವೇನ್ಲಾ?”

ಎಲ್ಲರೂ ನಕ್ಕೆವು. ಆಮೇಲೆ ಯೋಚಿಸಿದರೆ, ಆ ಒಂದು ಪ್ರಶ್ನೆಯ ಹಿಂದೆ ನೂರು ವರ್ಷದ ಕತೆ ಇದೆ.

ಪಕ್ಕದ ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿತು. ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ, 1908ರಲ್ಲಿ ಮೈಸೂರಿಗೆ. ಈ ಎರಡು ಊರುಗಳ ನಡುವೆ ಇರುವ ನಮ್ಮ ಹಳ್ಳಿಯಲ್ಲಿ ಅಪ್ಪ ಎಸ್ಸೆಸ್ಸೆಲ್ಸಿ ಓದಿದ್ದು ಸೀಮೆಎಣ್ಣೆ ಬುಡ್ಡಿಯಲ್ಲಿ. ಸೀಮೆ ಅಂದ್ರೆ ಪರದೇಶ. ಹಡಗಿನಲ್ಲಿ ಬಂದ ಎಣ್ಣೆಗೆ ನಮ್ಮವರು ಇಟ್ಟ ಹೆಸರು ಅದು. ಅದಕ್ಕೂ ಮುಂಚೆ ಉರಿಯುತ್ತಿದ್ದದ್ದು ಹೊಂಗೆಎಣ್ಣೆ, ಹರಳೆಣ್ಣೆ.

ಆ ಕಾಲದ ಮನೆಗಳ ಅಲಂಕಾರವನ್ನು ಸ್ವಲ್ಪ ಗಮನಿಸಿ ನೋಡಿ. ಗೋಡೆಯೊಳಗೆ ದೀಪಕ್ಕೊಂದು ಗೂಡು. ಗಾಳಿ ಬಂದರೂ ದೀಪ ಆರಲ್ಲ, ಮಕ್ಕಳ ಕೈಗೂ ಸಿಗಲ್ಲ. ಗೋಡೆಗೆ ಸುಣ್ಣ, ಯಾಕಂದ್ರೆ ಬಿಳಿ ಗೋಡೆ ಇರೋ ಚೂರು ಬೆಳಕನ್ನೂ ನುಂಗದೆ ವಾಪಸ್ ಕೊಡುತ್ತೆ. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ, ಮಣ್ಣಿನ ಕೊಳೆ ಕಾಣದಿರಲಿ ಅಂತ. ಹೊಸ್ತಿಲ ಮುಂದೆ ಬಿಳಿ ರಂಗೋಲಿ, ಮುಸ್ಸಂಜೆಯ ಮಬ್ಬಿನಲ್ಲೂ ಬಾಗಿಲು ಎಲ್ಲಿದೆ ಅಂತ ಅದು ತೋರಿಸುತ್ತೆ. ಡಿಸೈನರ್‌ಗಳು ಇವತ್ತು ‘ಇನ್‌ಡೈರೆಕ್ಟ್ ಲೈಟಿಂಗ್’ ಅಂತ ಬಿಲ್ ಹಾಕೋದನ್ನ ನಮ್ಮಜ್ಜಿ ಒಂದು ಬತ್ತಿ, ಒಂದು ಹಿಡಿ ಸುಣ್ಣದಲ್ಲಿ ಮಾಡಿದ್ದರು.

ನಮ್ಮೂರಿನ ಗೊಂಬೆಯೂ ಆ ಬೆಳಕಿನ ಕಾಲದ್ದೇ. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಕಲಿಸಿದ ಅಂತ ಊರಲ್ಲಿ ಹೇಳ್ತಾರೆ. ಆಮೇಲೆ ಈ ಕಸುಬನ್ನು ಬೆಳೆಸಿದವರು ಬಾವಾಸ್ ಮಿಯಾನ್. ಮೆತ್ತನೆಯ ಆಲೆ ಮರವನ್ನು ತಿರುಗಣಿಗೆ ಹಾಕಿ, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡೀತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತೆ. ಕೊನೆಗೆ ತಾಳೆ ಎಲೆಯಿಂದ ಒತ್ತಿದರೆ ಹೊಳಪು ಬರುತ್ತೆ. ಟ್ಯೂಬ್‌ಲೈಟಿನ ಕೆಳಗೆ ಅದನ್ನಿಟ್ಟರೆ ಪ್ಲಾಸ್ಟಿಕ್ ಥರ ಕಾಣುತ್ತೆ. ಹಳದಿ ಬೆಳಕಿನ ಪಕ್ಕ ಇಡಿ, ಆ ಕೆಂಪಿಗೆ ಒಂದು ಆಳ ಬರುತ್ತೆ. ಈಗ ಅದೇ ತಿರುಗಣಿಗಳಲ್ಲಿ ಲ್ಯಾಂಪ್ ಸ್ಟ್ಯಾಂಡ್ ಕೂಡ ತಯಾರಾಗುತ್ತೆ.

ಹಾಗಾದ್ರೆ ಅಪ್ಪನಿಗೆ ಹಳದಿ ಬೆಳಕು ಯಾಕೆ ಆಗಲ್ಲ?

ಭಾಗ್ಯಜ್ಯೋತಿ ಯೋಜನೆ ಬಂದದ್ದು 1979-80ರಲ್ಲಿ. ಬಡವರ ಮನೆಗೆ ಒಂದೇ ಒಂದು ಬಲ್ಬು. ಸಾಲದ್ದಕ್ಕೆ ಸುತ್ತಲಿನ ಪಂಪ್‌ಸೆಟ್‌ಗಳು ಶುರುವಾದ್ರೆ ವೋಲ್ಟೇಜ್ ಇಳಿದು, ಬಲ್ಬಿನೊಳಗಿನ ತಂತಿ ಕೆಂಪಗೆ ಎರೆಹುಳದ ಥರ ಕಾಣೋದು. ಅದರ ಕೆಳಗೆ ಹೋಮ್‌ವರ್ಕ್ ಮಾಡಿದವನು ನಾನು. ಆಮೇಲೆ ಅಪ್ಪ ರೇಷ್ಮೆಗೂಡು ಮಾರಿದ ದುಡ್ಡಲ್ಲಿ ಟ್ಯೂಬ್‌ಲೈಟ್ ತಂದರು. ಅದು ಮಿಣುಕಿ ಮಿಣುಕಿ ಹತ್ತಿಕೊಂಡ ಸಂಜೆ ಅಕ್ಕಪಕ್ಕದವರೆಲ್ಲ ಬಂದು ನೋಡಿದರು. ಹಳದಿ ಅಂದ್ರೆ ಬಡತನ, ಬಿಳಿ ಅಂದ್ರೆ ಗೆದ್ದಿದ್ದು. 2015ರ ಉಜಾಲ ಯೋಜನೆಯಲ್ಲಿ ಎಲ್‌ಇಡಿ ಬಂದಾಗ್ಲೂ ಊರಲ್ಲಿ ಎಲ್ಲರಿಗೂ ಬೇಕಾಗಿದ್ದು ಬಿಳಿಯೇ. ಅಪ್ಪ ಅಷ್ಟು ಕಷ್ಟಪಟ್ಟು ದಾಟಿ ಬಂದ ಕತ್ತಲನ್ನು ನಾನು ಇಎಂಐ ಕಟ್ಟಿ ಮನೆಗೆ ತಂದಿದ್ದೆ.

ಇನ್ನೊಂದು ವಿಷಯ ರಾತ್ರಿ ಗೊತ್ತಾಯ್ತು. ಊಟ ಮುಗಿಸಿ ಎದ್ದ ಅಪ್ಪ ಚಪ್ಪಲಿಗೆ ಕಾಲಲ್ಲಿ ತಡಕಾಡಿದರು. “ನಿನ್ ಮುಖಾನೇ ಸರಿಯಾಗಿ ಕಾಣಲ್ಲ ಕಣ್ಲಾ” ಅಂದರು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತೆ, ಒಳಗಿನ ಮಸೂರ ಹಳದಿಗಟ್ಟುತ್ತೆ. 25ರ ಕಣ್ಣಿಗೆ ಸಾಕಾಗುವ ಬೆಳಕು 65ರ ಕಣ್ಣಿಗೆ ಸಾಲದು. ಬಂದವರಿಗೆ ಹಾಯೆನಿಸಲಿ ಅಂತ ಇಷ್ಟೆಲ್ಲ ಮಾಡಿದ್ದೆ. ನನ್ನ ಮನೆಗೆ ಬಂದ ಮುಖ್ಯ ಅತಿಥಿಗೇ ದಾರಿ ಕಾಣುತ್ತಿರಲಿಲ್ಲ.

ಮುಂದಿನ ಸಲ ಊರಿಗೆ ಹೋಗುವಾಗ ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳೇ ರಸ್ತೆ ಹಿಡಿದೆ. 2023ರಲ್ಲಿ ಹೊಸ ರಸ್ತೆ ಪೂರ್ತಿ ಆದಮೇಲೆ ವಾಹನಗಳು ಊರನ್ನು ಬಳಸಿಕೊಂಡು ಹೋಗ್ತವೆ, ಗೊಂಬೆ ಅಂಗಡಿಗಳ ಮುಂದೆ ನಿಲ್ಲೋರು ಕಡಿಮೆ. ಒಂದು ಅರಗಿನ ಲ್ಯಾಂಪ್ ಸ್ಟ್ಯಾಂಡ್ ತಂದು, ಅಪ್ಪ ಕೂರುವ ಕುರ್ಚಿಯ ಪಕ್ಕ ಇಟ್ಟು, ಜೋರಾದ ಬಿಳಿ ಬಲ್ಬು ಹಾಕಿದೆ. ಚಪ್ಪಲಿ ಬಿಡುವ ಜಾಗಕ್ಕೂ ಒಂದು. ಉಳಿದ ಕಡೆ ಹಳದಿ ಹಾಗೇ ಇದೆ.

ಯುಗಾದಿಗೆ ಅಪ್ಪ ಮತ್ತೆ ಬಂದರು. ಅದೇ ಬೆಳಕಲ್ಲಿ ಕೂತು ಪೇಪರ್ ಓದಿದರು. ಮುಸ್ಸಂಜೆಗೆ ಎದ್ದು ದೇವರ ದೀಪ ಹಚ್ಚಿ, ಮುಂಬಾಗಿಲನ್ನು ಪೂರ್ತಿ ತೆಗೆದಿಟ್ಟರು. “ಅಪ್ಪಾ, ಸೊಳ್ಳೆ ಬರ್ತವೆ” ಅಂದೆ.

“ಬರ್ಲಿ ಬಿಡ್ಲಾ. ಬಾಗಿಲು ತೆಗೆದಿದ್ರೆ ತಾನೇ ಯಾರಾದ್ರೂ ಬರೋದು?” ಅಂದರು.

ನಾನೂ ಸುಮ್ಮನಾದೆ. ಐದು ನಿಮಿಷಕ್ಕೆ ಎದುರು ಮನೆಯ ಅಜ್ಜಿ ಬಾಗಿಲಲ್ಲಿ ಇಣುಕಿದರು. ಎರಡು ವರ್ಷದಿಂದ ಎದುರುಬದುರು ಇದ್ದೀವಿ, ಅವರು ಒಳಗೆ ಬಂದಿದ್ದು ಅವತ್ತೇ ಮೊದಲು.